ಉಡಿ ತುಂಬಿದ ಬ್ರಿಗ್

ಫೆಬ್ರವರಿ 11, ಮಂಗಳವಾರ

ಸೀಟು ಸಿಕ್ಕಿತು. ಬೆಳಗಿನ ಹೊತ್ತು ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ಹತ್ತಿ ಸೀಟು ಹಿಡಿಯಬೇಕೆಂದರೆ ಪುಣ್ಯ ಮಾಡಿರಬೇಕು. ಬೆನ್ನಿಗಾನಹಳ್ಳಿ ಕೆರೆಯ ಮೇಲೆ ಮಂಜು. ಕೆಳಗಿನ ಕಂಬ ಕಾಣಲಿಲ್ಲ, ರಸ್ತೆ ಕಾಣಲಿಲ್ಲ. ರೈಲು ತೇಲಿಕೊಂಡೇ ಹೋಯಿತು... ಕಣ್ಣು ಮುಚ್ಚಿದೆ. ಹಾಯಿ ಕಟ್ಟುವ ಎರಡು ಕೂವೆಮರ ಬಂದವು, ಹಾಯಿ ಬಂತು, ಗಾಳಿ ಬಂತು. ಹಲಸೂರು ಎಂದು ಕೂಗಿದಾಗ ಗಡಬಡಿಸಿ ಎದ್ದೆ. ಬುತ್ತಿ ಚೀಲ ಪಕ್ಕದವಳ ಕಾಲ ಮೇಲೆ ಬಿತ್ತು. ಬೈಸಿಕೊಂಡೆ.

ಪುಟ್ಟ ಮಾದರಿ ಹಡಗು ಮಾಡುವ ನಮ್ಮ ಮಾಳಿಗೆಯಲ್ಲಿ ಹಲಗೆ ಬಗ್ಗಿಸುವ ಕೆಲಸ ನಡೆದಿದೆ. ಬಿಸಿನೀರಲ್ಲಿ ನೆನೆಸುವುದು, ಹಡಗಿನ ಪಕ್ಕೆಲುಬಿನ ಮೇಲೆ ಮೆತ್ತಗೆ ಒತ್ತುವುದು, ಕ್ಲಿಪ್ ಹಾಕಿ ಬಿಡುವುದು. ಅವಸರ ಮಾಡಿದರೆ ಪಟ್ ಎನ್ನುತ್ತದೆ. ಇಷ್ಟು ವರ್ಷ ನನ್ನ ಪಾಲಿಗೆ ಬರುತ್ತಿದ್ದದ್ದು ಹಗ್ಗ, ಹಾಯಿ, ಗಂಟು. ಹಡಗಿನ ಮೈ ಕಟ್ಟುತ್ತಿದ್ದವನು ಮುನೀಂದ್ರ. ಅವನು ಮಾಡ್ಯುಲರ್ ಕಿಚನ್ ಮಾಡುವವರ ಹತ್ತಿರ ಹೋದ. ಒಡತಿ ಅರೀಬಾ ಬಂದು, ಈ ಸಲ ಪೂರ್ತಿ ನೀವೇ ಕಟ್ತೀರಾ ಅಕ್ಕಾ ಎಂದು ಕೇಳಿದಳು. ಹೂಂ ಅಂದುಬಿಟ್ಟೆ. ಬಾಯಿ ನನ್ನದು, ಧೈರ್ಯ ಯಾರದೋ.

ಸಂಜೆ ಅವ್ವನಿಗೆ ಹೇಳಿದೆ. ಹಾಸಿಗೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕಣ್ಣು ಮಂಜು, ಆದರೂ ಬೆರಳಿಗೆ ಕಲ್ಲು ಸಿಗುತ್ತದೆ. "ಮಾಡವ್ವ, ಗೊಂಬಿ ಎಷ್ಟ ಬೇಕಾದ್ರೂ ಮಾಡು" ಅಂದಳು. ಗೊಂಬಿಯಂತೆ. ನನಗೆ ಸಿಟ್ಟು ಬಂತು. ಅನ್ನ ಹಳಸಿದರೂ ಪರವಾಗಿಲ್ಲವೆಂದು ಉಣ್ಣದೆ ತಟ್ಟೆ ಕುಕ್ಕಿ ಇಟ್ಟೆ.

ಫೆಬ್ರವರಿ 12

ನಿನ್ನೆಯ ಸಿಟ್ಟು ಇಳಿದಿದೆ. ಅವಳದೇನು ತಪ್ಪು. ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವಳು, ಅಂಬಿಗನ ಹೆಂಡತಿ. ಅವಳ ಲೆಕ್ಕದಲ್ಲಿ ನೀರು ಮುಟ್ಟದ್ದು ದೋಣಿ ಅಲ್ಲ.

ಅಪ್ಪ ಹರಿಗೋಲು ಕಟ್ಟುತ್ತಿದ್ದ. ಬಿದಿರು ಸೀಳಿ, ಬುಟ್ಟಿಯ ಹಾಗೆ ಹೆಣೆದು, ಹೊರಗೆ ತಾಡಪಾಲು ಹೊಲಿದು, ಡಾಂಬರು ಬಳಿಯುವುದು. ಹೊಸದನ್ನು ಮೊದಲು ಜನ ಹತ್ತಿಸದೆ ನೀರಿಗೆ ಬಿಡುತ್ತಿದ್ದರು. ಅವ್ವ ಅದರ ಉಡಿ ತುಂಬುತ್ತಿದ್ದಳು, ಗಂಡನ ಮನೆಗೆ ಹೊರಟ ಮಗಳಿಗೆ ತುಂಬಿದ ಹಾಗೆ. ಜೋಳ, ಅರಿಶಿನ ಕೊಂಬು, ಎಲೆ, ಅಡಿಕೆ. ದಂಡೆಯ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ನೋಡುವರು. ಸಮ ನಿಂತರೆ ದೋಣಿ. ವಾಲಿದರೆ ಬಿಚ್ಚಿ ಮತ್ತೆ ಕಟ್ಟು. ನಿಂತ ಮೇಲೆ ಹೆಸರು. ಹೆಸರೆಂದರೆ ಬೇರೆ ಏನಲ್ಲ, ಕಟ್ಟಿದವನದೇ. ಚಂದ್ರಾಮಪ್ಪನ ದೋಣಿ.

ಬಿದಿರಿಗೆ ನನ್ನನ್ನು ಕೈ ಹಚ್ಚಲು ಬಿಡುತ್ತಿರಲಿಲ್ಲ. ಹೆಣ್ಣು ಕಟ್ಟಿದ್ದು ನೀರಾಗ ನಿಂದ್ರಂಗಿಲ್ಲ ಅಂತ ಅಪ್ಪನ ಮಾತು. ಹೊಲಿಗೆ ಅವ್ವಂದು, ಡಾಂಬರು ನಂದು, ಹೆಸರು ಅಪ್ಪಂದು. ಸೇತುವೆ ಬಂತು. ಹರಿಗೋಲು ಅಂಗಳದಲ್ಲಿ ಬೋರಲು ಬಿತ್ತು, ಕೋಳಿ ಮೊಟ್ಟೆ ಇಟ್ಟವು. ಅಪ್ಪ ಹೋದ. ಮಾತು ಮಾತ್ರ ನನ್ನ ಹತ್ತಿರ ಉಳಿಯಿತು.

ಈಗ ಕಟ್ಟುತ್ತಿದ್ದೇನಲ್ಲ, ನಿಲ್ಲುತ್ತದೋ ಇಲ್ಲವೋ ಯಾರು ಹೇಳಬೇಕು? ಗಾಜಿನ ಪೆಟ್ಟಿಗೆಯೊಳಗೆ ಎಲ್ಲವೂ ನಿಲ್ಲುತ್ತವೆ.

ಫೆಬ್ರವರಿ 19

ಹಡಗು ಕೊಳ್ಳುವವರು ಬಂದಿದ್ದರು. ಅಂಜನಮೂರ್ತಿ ಸಾರ್, ಹೊರಮಾವಿನವರು. ಅಪಾರ್ಟ್‌ಮೆಂಟು ಬರುವ ಮೊದಲಿನ ಹೊರಮಾವಿನವರು. ಭೂಗೋಳದ ಮೇಷ್ಟ್ರಾಗಿ ರಿಟೈರ್ ಆದವರು. ಬನಿಯನ್ ಕಾಣುವ ತೆಳು ಅಂಗಿ, ಜೇಬಿನಲ್ಲಿ ಬುದ್ಧನ ಸಣ್ಣ ಫೋಟೊ. ಮೆಟ್ಟಿಲು ಹತ್ತಿ ಬಂದವರೇ ಏದುಸಿರು ಬಿಡುತ್ತ ಹಡಗಿನ ಮುಂದೆ ನಿಂತರು. ತುಂಬಾ ಹೊತ್ತು ಮಾತೇ ಆಡಲಿಲ್ಲ.

ಆಮೇಲೆ ಆಡಿದ್ದೇ ಆಡಿದ್ದು. ನೆಪೋಲಿಯನ್ ಕಾಲದ ಪುಟ್ಟ ಯುದ್ಧದ ಹಡಗಂತೆ. ಬ್ರಿಗ್. ಎರಡೇ ಕೂವೆಮರ, ಹತ್ತೇ ತೋಪು. ದೊಡ್ಡ ಹಡಗುಗಳ ಮುಂದೆ ಇದು ಟಾಟಾ ಏಸ್ ಎಂದು ನಕ್ಕರು. ಸುದ್ದಿ ಒಯ್ಯಲು, ಕಾವಲು ತಿರುಗಲು, ಕಳ್ಳರನ್ನು ಅಟ್ಟಲು. ಒಂದೇ ನಕ್ಷೆಯಲ್ಲಿ ನೂರಕ್ಕೂ ಮೇಲೆ ಕಟ್ಟಿದರಂತೆ. ಇದೇ ಜಾತಿಯ ಒಂದರಲ್ಲಿ ಡಾರ್ವಿನ್ ಲೋಕ ಸುತ್ತಿದ್ದು. ಪಾಠ ಮಾಡುವಾಗಲೆಲ್ಲ ಬೋರ್ಡ್ ಮೇಲೆ ಅದನ್ನೇ ಬರೆದು ತೋರಿಸುತ್ತಿದ್ದರಂತೆ. ಮಕ್ಕಳು ಬಾತುಕೋಳಿ ಸಾರ್ ಅನ್ನುತ್ತಿದ್ದರಂತೆ.

ಆದರೆ ಇವುಗಳಿಗೆ ಕೆಟ್ಟ ಹೆಸರು. ನಾವಿಕರೇ ಶವಪೆಟ್ಟಿಗೆ ಎಂದು ಕರೆಯುತ್ತಿದ್ದರು. ಡೆಕ್ ತಗ್ಗು, ಸುತ್ತಲ ಗೋಡೆ ಎತ್ತರ. ಅಲೆ ಒಳಗೆ ಬಂದರೆ ಬೇಗ ಹೊರಗೆ ಹೋಗದು. ಎಷ್ಟೋ ಮುಳುಗಿದವು.

ಡಾರ್ವಿನ್ ಹಡಗಿನ ಹೆಸರೇ ಬರೆಯೋಣವಾ ಎಂದು ಅರೀಬಾ ಕೇಳಿದಳು. ಮೇಷ್ಟ್ರು ಬೇಡವೆಂದರು. "ಅದನ್ನ ಎಲ್ರೂ ನೆನಪಿಟ್ಕೊಂಡಿದಾರಮ್ಮ. ಉಳಿದ ನೂರರಲ್ಲಿ ಒಂದು ಮಾಡಿ. ಹೆಸರಿನ ಜಾಗ ಖಾಲಿ ಇರ್ಲಿ."

ಫೆಬ್ರವರಿ 20

ಅವ್ವನಿಗೆ ಕೆಟ್ಟ ಹೆಸರಿನ ಕಥೆ ಹೇಳಬಾರದಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿಬಿಟ್ಟಳು.

"ಹೆಸರ ಕೆಟ್ಟ ಹುಡಿಗಿನ ಬರಿಗೈಲೆ ಕಳಸ್ತೀಯೇನು? ಉಳದವಕ್ಕ ಒಂದ ಹಿಡಿ ಹಾಕಿದ್ರ ಇದಕ್ಕ ಹೊಟ್ಟಿ ತುಂಬ ಹಾಕು."

ಇದು ಅರೀಬಾಗೆ ಗೊತ್ತಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಹಲಸೂರಿನ ಆ ಮಾಳಿಗೆಯಿಂದ ಹೊರಟ ಪ್ರತಿ ಹಡಗಿನ ಹೊಟ್ಟೆಯಲ್ಲೂ ಒಂದು ಹಿಡಿ ಜೋಳ ಇದೆ. ಡೆಕ್ ಮುಚ್ಚುವ ಮೊದಲು ಹಾಕಿಬಿಡುತ್ತೇನೆ. ಗೊಂಬಿ ಅಂದರೂ ಅವ್ವನೇ ಕಲಿಸಿದ್ದು. ಹೆಣ್ಣುಮಕ್ಕಳ ಕೈಯಿಂದ ಹೊರಗೆ ಹೋಗುವ ಯಾವುದಕ್ಕೂ ಉಡಿ ಖಾಲಿ ಇರಬಾರದು, ಅಷ್ಟೆ. ದೇವರ ಭಕ್ತಿಯೇನಲ್ಲ ನನ್ನದು. ಹಾಕದಿದ್ದರೆ ಸಂಜೆಯೆಲ್ಲ ಗ್ಯಾಸ್ ಆಫ್ ಮಾಡದೆ ಬಂದ ಹಾಗೆ ಕಸಿವಿಸಿ.

ಮಾರ್ಚ್ 6

ಹಡಗಿನ ಮೈ ಮುಗಿಯಿತು. ಬೆರಳಿನಿಂದ ಸವರಿದರೆ ಒಂದು ಹಲಗೆಯಿಂದ ಇನ್ನೊಂದಕ್ಕೆ ದಾಟಿದ್ದು ಗೊತ್ತಾಗುವುದಿಲ್ಲ. ಅರೀಬಾ ಸವರಿ ನೋಡಿ, ಮತ್ತೊಮ್ಮೆ ಸವರಿದಳು. ಸಾಕು ನನಗೆ.

ರಂಜಾನ್ ಉಪವಾಸ ಅವಳದು. ಶಿವಾಜಿನಗರದಿಂದ ಬರುವಷ್ಟರಲ್ಲೇ ಮುಖ ಬಾಡಿರುತ್ತದೆ. ಮಧ್ಯಾಹ್ನ ಮೇಜಿನ ಮೇಲೆ ತಲೆ ಇಟ್ಟು ಮಲಗುತ್ತಾಳೆ. ನಾನು ಬುತ್ತಿ ಹಿಡಿದು ಮೆಟ್ಟಿಲ ಮೇಲೆ ಹೋಗಿ ಉಣ್ಣುತ್ತೇನೆ. ಪರವಾಗಿಲ್ಲ ಇಲ್ಲೇ ತಿನ್ನಿ ಅಕ್ಕಾ ಅನ್ನುತ್ತಾಳೆ. ಶೇಂಗಾ ಚಟ್ನಿಯ ವಾಸನೆಗೆ ಯಾರ ಉಪವಾಸವಾದರೂ ಮುರಿದೀತು, ಬೇಡ.

ಇವತ್ತು ಅವಳ ಜೊತೆ ನಾನೂ ಮಲಗಿಬಿಟ್ಟೆ. ಕನಸು. ಬ್ರಿಗ್ ಹಳೇ ಮದ್ರಾಸ್ ರೋಡಿನ ಮೇಲೆ ಬರುತ್ತಿದೆ. ರಸ್ತೆಯ ತುಂಬ ಹಾಲಿನಂಥ ನೀರು. ಸಿಗ್ನಲ್ಲುಗಳು ನೀರಿನಿಂದ ತಲೆ ಎತ್ತಿ ಕೆಂಪು, ಹಸಿರು. ಡೆಕ್ ಕೆಳಗೆ ಎಪ್ಪತ್ತು ಚಿಲ್ಲರೆ ಜನ ಬಟ್ಟೆಯ ಜೋಲಿಗಳಲ್ಲಿ ನಿದ್ದೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನ... ನಮ್ಮ ಬಾಡಿಗೆ ರೂಮಿನ ಸಾಲಿನ ಹಾಗೇ. ಒಬ್ಬ ಹೊರಳಿದರೆ ಎಲ್ಲರೂ ಹೊರಳುತ್ತಿದ್ದರು. ಚುಕ್ಕಾಣಿ ಹತ್ತಿರ ಅಪ್ಪ. ನನ್ನ ಕಡೆ ನೋಡಲಿಲ್ಲ. ನೀರನ್ನೇ ನೋಡುತ್ತಿದ್ದ.

ಎದ್ದಾಗ ಕೆನ್ನೆಯ ಮೇಲೆ ನೂಲಿನ ಅಚ್ಚು.

ಮಾರ್ಚ್ 18

ಹಾಳಾಯಿತು ಎಲ್ಲ.

ಇಂದಿರಾನಗರದ ಒಂದು ಬಾರ್‌ಗೆ ಎರಡು ವರ್ಷದ ಹಿಂದೆ ಒಂದು ಹಡಗು ಕೊಟ್ಟಿದ್ದೆವು. ಬಾಟಲಿಗಳ ಮೇಲಿನ ಶೆಲ್ಫಿನಲ್ಲಿ ಇಟ್ಟಿದ್ದರು. ಇವತ್ತು ಮ್ಯಾನೇಜರ್ ಅದನ್ನು ಕಸದ ಕವರಿನಲ್ಲಿ ಸುತ್ತಿ ತಂದು ಮೇಜಿನ ಮೇಲೆ ಎಸೆದ. ತೋಪಿನ ಕಿಂಡಿಗಳಿಂದ ಕಪ್ಪು ನುಸಿ ಸಾಲಾಗಿ ಹೊರಗೆ ಬರುತ್ತಿತ್ತು. ಜೋಳದ ನುಸಿ. ಗಿರಾಕಿಯೊಬ್ಬರ ಬಿಯರಿನಲ್ಲಿ ಬಿದ್ದಿತ್ತಂತೆ. ಫೋಟೊ ತೆಗೆದು ರಿವ್ಯೂ ಹಾಕಿದರಂತೆ.

ಅರೀಬಾ ಡೆಕ್ ಕೊಯ್ದಳು. ಒಳಗಿಂದ ಹಿಟ್ಟು ಉದುರಿತು. ಕಾಳಿನ ಸಿಪ್ಪೆ, ಒಣಗಿದ ಅರಿಶಿನ ಕೊಂಬು. ನನ್ನ ಮುಖ ನೋಡಿದಳು. ನಾನು ಹೇಳಬೇಕಾಗಿಯೇ ಬರಲಿಲ್ಲ.

ಅವರಪ್ಪ ಹೋದ ಮೇಲೆ ಈ ಹುಡುಗಿ ಒಬ್ಬಳೇ ಇದನ್ನು ನಡೆಸಿಕೊಂಡು ಬಂದಿದ್ದಾಳೆ. ಹೆಂಗಸರು ಮಾಡಿದ ಮಾಲು ಎಂದು ಮೂಗು ಮುರಿಯುವವರ ಮುಂದೆ ನಾನೇ ನುಸಿ ಬಿಟ್ಟುಕೊಟ್ಟೆ. ಥೂ.

ಮಾರ್ಚ್ 19

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬ್ರಿಗ್ ಒಳಗೂ ಹಾಕಿದ್ದೀರಾ ಎಂದಳು. ಹಾಕಿದ್ದೆ, ಎರಡು ಹಿಡಿ ಆಗಲೇ ಬಿದ್ದಿತ್ತು. ಅವಳ ಎದುರಿಗೇ ವ್ಯಾಕ್ಯೂಮ್ ಹಿಡಿದು ಒಂದೊಂದು ಕಾಳೂ ಎಳೆದೆ. ಪೈಪಿನೊಳಗೆ ಚಟಪಟ ಹೋದವು.

"ಇನ್ನೊಂದು ಕಾಳು ಸಿಕ್ರೆ ನೀವು ಬರೋದು ಬೇಡ ಅಕ್ಕಾ. ನಿಮ್ಮಂಥೋರು ನನಗೆ ಸಿಗಲ್ಲ, ಗೊತ್ತು. ಆದ್ರೂ ಬರೋದು ಬೇಡ."

ಆಯ್ತು ಅಂದೆ. ಹಾಕಲ್ಲ ಅಂದೆ.

ಮಾರ್ಚ್ 23, ಭಾನುವಾರ

ಮನೆಯಲ್ಲಿ ಯುದ್ಧ. ನುಸಿ ಬಿದ್ದದ್ದು ಜೋಳದ ತಪ್ಪಲ್ಲವಂತೆ, ನನ್ನ ತಪ್ಪಂತೆ. ಬೂದಿ ಹಚ್ಚದೆ, ಬೇವಿನ ಎಲೆ ಇಡದೆ ಕಾಳು ಯಾರಾದರೂ ತುಂಬುತ್ತಾರೇನು ಎಂದು ಅವ್ವನೇ ನನಗೆ ಬೈದಳು. ಹುರಿದು ಹಾಕುತ್ತೇನೆ ಬಿಡು ಎಂದೆ. ಅಯ್ಯ, ಹುರಿದ ಕಾಳಿನಲ್ಲಿ ಜೀವ ಎಲ್ಲಿದೆ, ಅದು ಉಡಿಯೇನು ಎಂದು ಸೆರಗು ಬಾಯಿಗೆ ಹಿಡಿದಳು.

ಗಂಡ ಭೀಮಾಶಂಕರ ಮೂಲೆಯಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಬೇಸಿಗೆ ಶುರುವಾದರೆ ನೀರಿನ ಟ್ಯಾಂಕರ್ ಓಡಿಸುವವನಿಗೆ ಕಾಲು ಕಾಲಲ್ಲಿ ಇರುವುದಿಲ್ಲ. ಅವನು ಹೇಳಿದ್ದಿಷ್ಟು: ಕೊಟ್ಟ ಮಾತು ಇದೆ, ಕೆಲಸ ಇದೆ, ಎರಡನ್ನೂ ಉಳಿಸಿಕೋ. ಅವ್ವನ ಕಡೆ ತಿರುಗಿ, ಅತ್ತಿ ನೀವ ಸುಮ್ಮನಿರ್ರಿ ಅಂದ. ಅವ್ವ ಸುಮ್ಮನಾದಳು. ಸುಮ್ಮನಾಗಿ ತನ್ನ ಹಳೆಯ ಸೀರೆ ಹರಿದು ಸಣ್ಣ ಸಣ್ಣ ಚೀಲ ಹೊಲಿಯಲು ಕೂತಳು.

ಏನೂ ಕೇಳಲಿಲ್ಲ ನಾನು.

ಏಪ್ರಿಲ್ 9

ಹಾಯಿ ಕಟ್ಟಿ ಮುಗಿಯಿತು. ಹಗ್ಗದ ಏಣಿಗಳು, ತೋಪುಗಳು, ಸಣ್ಣ ಲಾಂದ್ರ. ಉಳಿದದ್ದು ನಡುವಿನ ಬಾಗಿಲು. ಡೆಕ್ ಮೇಲಿನ ಜಾಲರಿ ಬಾಗಿಲು ಅಂಟಿಸಿದರೆ ಹೊಟ್ಟೆ ಮುಚ್ಚಿದ ಹಾಗೆ.

ಅರೀಬಾ ಬ್ಯಾಂಕಿಗೆ ಹೋಗಿದ್ದಳು.

ಬುತ್ತಿ ಚೀಲದ ತಳದಲ್ಲಿ ಅವ್ವ ಇಟ್ಟದ್ದು ಇತ್ತು. ಬೆರಳುದ್ದದ ಚೀಲಗಳು. ಬೂದಿ ಸವರಿದ ಜೋಳ, ಬೇವಿನ ಎಲೆ. ಸೊಂಟಕ್ಕೆ ಕಟ್ಟುವ ಕಾಸಿನ ಚೀಲದ ಹಾಗೆ ಬಾಯಿ ಬಿಗಿಯಾಗಿ ಹೊಲಿದಿದ್ದಳು. ಬೆಳಗ್ಗೆ ನೋಡಿಯೂ ನೋಡದ ಹಾಗೆ ಬುತ್ತಿ ಎತ್ತಿಕೊಂಡು ಬಂದಿದ್ದೆ.

ಒಂದೊಂದಾಗಿ ಇಳಿಸಿದೆ. ಹಡಗಿನ ಬೆನ್ನುಮೂಳೆಗುಂಟ, ಆ ಕಡೆ ಒಂದು, ಈ ಕಡೆ ಒಂದು. ಸರಿಯದ ಹಾಗೆ ಒತ್ತಿ. ಮೂಲೆಯಲ್ಲಿ ಅರಿಶಿನ ಕೊಂಬು. ಜಾಲರಿಗೆ ಅಂಟು ಹಚ್ಚಿ ಕೂಡಿಸಿದೆ. ಬೆರಳಿಗೆ ಅಂಟಿದ ಬೂದಿ ಸೆರಗಿಗೆ ಒರೆಸಿದೆ.

ಮಾತು ತಪ್ಪಿದೆ. ಗೊತ್ತಿದ್ದೇ ತಪ್ಪಿದೆ.

ಏಪ್ರಿಲ್ 12, ಶನಿವಾರ

ಹೊರಮಾವಿಗೆ ಕೊಟ್ಟು ಬಂದೆವು. ಆಟೊದಲ್ಲಿ ಅರೀಬಾಳ ತೊಡೆ ಮೇಲೆ ಹಡಗು. ತೂಕ ಇದೆ ಅಲ್ವಾ ಅಕ್ಕಾ ಎಂದಳು. ಮರ ಒಳ್ಳೆಯದು ಎಂದೆ. ಕಿವಿಗೆ ಹಿಡಿದು ಅಲ್ಲಾಡಿಸಿದಳು. ಗಲಗಲ ಅನ್ನಲಿಲ್ಲ. ನನ್ನ ಕಡೆ ನೋಡಿ ನಕ್ಕಳು. ನಾನು ರಸ್ತೆಯ ಕಡೆ ತಿರುಗಿದೆ.

ಮೇಷ್ಟ್ರ ಮನೆ ತಗ್ಗಿನಲ್ಲಿ, ನೆಲಮಹಡಿ. ಹಾಲಿನಲ್ಲಿ ಮೊಣಕಾಲೆತ್ತರದ ಬೆಂಚು. ಗಾಜಿನ ಪೆಟ್ಟಿಗೆ ಬೇಡ ಎಂದರು, ಉಸಿರು ಕಟ್ಟುತ್ತದೆ, ಅದು ಗಾಳಿಯಲ್ಲಿ ಇರಲಿ. ಯಶೋದಮ್ಮನವರು, ಅವರ ಹೆಂಡತಿ, ಕಾಫಿ ತಂದರು. ಧೂಳು ಒರೆಸೋದು ನಾನು ತಾನೆ ಎಂದು ಗಂಡನನ್ನು ಚುಚ್ಚಿದರು. ನಾವು ಹೊರಡುವಾಗ ಹಡಗಿನ ಮುಂದೆ ಅವರೂ ನಿಂತಿದ್ದರು.

ತಿರುಗಿ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಕಿಟಕಿಯ ಬೆಳಕಿನಲ್ಲಿ ಹಾಯಿ.

ಅವ್ವ ಕೇಳಿದಳು, ಕಳಿಸಿದೆಯಾ. ಕಳಿಸಿದೆ. ಅಷ್ಟೇ ಮಾತು.

ಮೇ 19, ಸೋಮವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಹೊಸದೊಂದಕ್ಕೆ ಹಲಗೆ ಸೀಳುತ್ತಿದ್ದೇನೆ. ಅದರ ಹೊಟ್ಟೆ ಖಾಲಿಯೇ ಇರಲಿದೆ.

ರಾತ್ರಿಯಿಡೀ ಮಳೆ. ಬೆಳಿಗ್ಗೆ ನಮ್ಮ ಗಲ್ಲಿಯಲ್ಲಿ ಚಪ್ಪಲಿಗಳು ತಾವೇ ನಡೆದು ಹೋಗುತ್ತಿದ್ದವು. ಭೀಮಾಶಂಕರನ ಟ್ಯಾಂಕರ್ ನಿಂತೇ ಇದೆ. ನಿನ್ನೆವರೆಗೆ ನೀರು ನೀರು ಎಂದು ಫೋನ್ ಮಾಡಿದವರೇ ಇವತ್ತು ನೀರು ಎಳೆಯಲು ಪಂಪ್ ಇದೆಯಾ ಎಂದು ಕೇಳುತ್ತಿದ್ದಾರಂತೆ. ಮೆಟ್ರೊದಿಂದ ನೋಡಿದರೆ ಊರಿಗೆ ಊರೇ ಕನ್ನಡಿ. ಮನೆಗಳು ತಲೆಕೆಳಗಾಗಿ ನಿಂತಿದ್ದವು, ಮೋಡ ಕೆಳಗೆ. ಎಷ್ಟು ಚಂದ ಇತ್ತು ಎಂದರೆ ನಾಚಿಕೆಯಾಯಿತು. ಅದರೊಳಗೆ ಯಾರದೋ ಅಕ್ಕಿ, ಯಾರದೋ ಹಾಸಿಗೆ ನೆನೆಯುತ್ತಿರುತ್ತದೆ.

ಹೊರಮಾವಿನ ತಗ್ಗೆಲ್ಲ ಮುಳುಗಿದೆ ಎಂದು ಟಿವಿಯಲ್ಲಿ ಬಂತಂತೆ. ಅರೀಬಾ ಮೇಷ್ಟ್ರಿಗೆ ಫೋನ್ ಮಾಡುತ್ತಲೇ ಇದ್ದಾಳೆ. ಹತ್ತುತ್ತಿಲ್ಲ.

ಮೇ 20

ಮೇಷ್ಟ್ರು, ಯಶೋದಮ್ಮ ಕ್ಷೇಮ. ಮಹಡಿಯ ಮನೆಯವರ ಹತ್ತಿರ ಇದ್ದಾರೆ. ಸದ್ಯ.

ಆಮೇಲೆ ವಿಡಿಯೊ ಬಂತು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕಿಟಕಿಯಿಂದ ತೆಗೆದದ್ದು. ಅರೀಬಾ ಫೋನು ನನ್ನ ಮುಂದೆ ಹಿಡಿದಳು.

ಹಾಲಿನ ತುಂಬ ಕಂದು ನೀರು. ಫ್ರಿಜ್ ಮಗ್ಗುಲಾಗಿ ಬಿದ್ದಿದೆ. ಸೋಫಾದ ದಿಂಬುಗಳು, ಗ್ಯಾಸ್ ಲೈಟರ್, ಒಂದು ಟೊಮೆಟೊ. ನಡುವೆ ಬ್ರಿಗ್.

ಬೆಂಚು ಬಿಟ್ಟು ಎದ್ದಿದೆ. ನಿಂತಿದೆ. ಎರಡು ಕೂವೆಮರವೂ ನೆಟ್ಟಗೆ. ಎಲ್ಲಿಂದಲೋ ಗಾಳಿ ಬಂತು, ಮೆಲ್ಲಗೆ ತಿರುಗಿತು. ತಿರುಗಿ ಅಡುಗೆಮನೆಯ ಬಾಗಿಲ ಕಡೆ ಹೊರಟಿತು, ಗೊತ್ತಿರುವ ದಾರಿಯ ಹಾಗೆ. ಬಾಗಿಲ ಚೌಕಟ್ಟಿಗೆ ಮೂತಿ ತಾಗಿತು, ಒಂದಿಷ್ಟು ವಾಲಿತು... ನಾನು ಸೆರಗು ಕಚ್ಚಿದೆ. ಹೊಟ್ಟೆಯೊಳಗಿನ ಭಾರಕ್ಕೆ ಮತ್ತೆ ನೆಟ್ಟಗಾಯಿತು. ಒಳಗೆ ಹೋಯಿತು. ಕಾಣದಾಯಿತು. ಹಿಂದಿನಿಂದ ಮೇಷ್ಟ್ರ ಧ್ವನಿ, ಯಶೋದಾ ನೋಡು ನೋಡು ಎಂದು, ಮನೆ ಮುಳುಗಿದ್ದನ್ನೇ ಮರೆತ ಹಾಗೆ.

ಅತ್ತುಬಿಟ್ಟೆ. ಅರೀಬಾ ಅಳಲಿಲ್ಲ. ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದಳು. ಆಮೇಲೆ ನನ್ನನ್ನೇ ನೋಡಿದಳು.

ಅವ್ವನಿಗೆ ತೋರಿಸಿದೆ. ಫೋನಿನ ಪರದೆ ಅವಳ ಕಣ್ಣಿಗೆ ಬರೀ ಬೆಳಕು. ಕಾಣವಲ್ದು ಬಿಡು ಅಂದಳು. ನಿಂತಿತ್ತು ಅವ್ವ ಅಂದೆ. ನಾ ನೋಡಿಲ್ಲಲ್ಲ ಅಂದಳು.

ಮೇ 24, ಶನಿವಾರ

ಮೇಷ್ಟ್ರ ಫೋನು. ಸ್ಪೀಕರ್‌ನಲ್ಲಿತ್ತು. ನೀರು ಇಳಿದಿದೆ, ಮನೆ ತೊಳೆಯುತ್ತಿದ್ದೇವೆ, ಹಡಗಿನ ಹಗ್ಗ ಸ್ವಲ್ಪ ಹರಿದಿದೆ ಎಂದರು. ಕೊನೆಗೆ ನಗುತ್ತ ಹೇಳಿದರು: "ಅರೀಬಾ, ನಿಮ್ಮ ಹಡಗಿನಲ್ಲಿ ಬೆಳೆ ಬಂದಿದೆಯಮ್ಮ."

ಜಾಲರಿ ಬಾಗಿಲಿನ ಸಂದಿಯಿಂದ ತೆಳು ಹಸಿರು ಮೊಳಕೆಗಳು ಎದ್ದಿವೆಯಂತೆ. ಡೆಕ್ ಮೇಲೆ ಸಣ್ಣ ಹೊಲವಂತೆ.

ಫೋನ್ ಇಟ್ಟಾಯಿತು. ಅರೀಬಾ ಕತ್ತರಿಯನ್ನು ಎತ್ತಿ ಅದರ ಜಾಗದಲ್ಲಿ ಇಟ್ಟಳು. ಮತ್ತೆ ಎತ್ತಿ ಇಟ್ಟಳು.

"ನುಸಿಗಲ್ಲ ಅಕ್ಕಾ ನನಗೆ ಬೇಜಾರು. ಅವತ್ತು ಆಟೊದಲ್ಲಿ ಕೇಳಿದೆ. ಮರ ಅಂದ್ರಿ."

ಅದು ನನ್ನ ಮಗಳು ಎನ್ನಲೇ? ಮಗಳಿಗೆ ಉಡಿ ತುಂಬಲು ಅರೀಬಾಳ ಮುಂದೆ ಸುಳ್ಳು ಹೇಳಬೇಕಿತ್ತೇ? ಅವಳಾಗಿ ಬರಬೇಡಿ ಎನ್ನುವ ಮೊದಲೇ ಚೀಲ ತೆಗೆದುಕೊಂಡೆ. ಮೆಟ್ಟಿಲು ಇಳಿದೆ. ಕರೆಯಲಿಲ್ಲ.

ಮೇ 28

ಮನೆಯಲ್ಲೇ. ಕೈ ಖಾಲಿ ಇದ್ದರೆ ಸಿಟ್ಟು ಜಾಸ್ತಿ. ಭೀಮಾಶಂಕರನ ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹಚ್ಚಿದೆ. ಹಡಗಿನ ಗಂಟು ಹಾಕಿಬಿಟ್ಟಿದ್ದೀಯ, ಬಿಚ್ಚಲು ಬರವಲ್ದು ಎಂದು ಗೊಣಗಿದ.

ಮಧ್ಯಾಹ್ನ ಕನಸು. ಮೆಟ್ರೊ ಹಲಸೂರಿನಲ್ಲಿ ನಿಲ್ಲಲಿಲ್ಲ. ಮುಂದೆ, ಮುಂದೆ, ಎಲ್ಲೆಲ್ಲೂ ನೀರು. ಇಳಿಯುವವರು ಯಾರೂ ಇರಲಿಲ್ಲ.

ಮೇ 31, ಶನಿವಾರ

ಅರೀಬಾ ಬಂದಿದ್ದಳು. ಇಲ್ಲಿಗೆ, ನಮ್ಮ ರೂಮಿಗೆ. ಬಾಗಿಲಲ್ಲಿ ಆಟೊ ನಿಂತಾಗ ಸಾಲಿನವರೆಲ್ಲ ಹೊರಗೆ ಬಂದರು. ಅವಳ ತೋಳಿನಲ್ಲಿ ಬ್ರಿಗ್. ಹಾಯಿ ಮಾಸಿದೆ, ಹಗ್ಗ ಜೋತು ಬಿದ್ದಿದೆ, ಮೈಯೆಲ್ಲ ಹೊರಮಾವಿನ ಕೆಸರು ಒಣಗಿದೆ. ಜಾಲರಿಯ ಸಂದಿಯಲ್ಲಿ ಮೊಳಕೆ ಬಾಡಿ ಮಲಗಿತ್ತು. ಯಶೋದಮ್ಮ ಒರೆಸಲು ಹೋದರೆ ಮೇಷ್ಟ್ರು ಬಿಡಲಿಲ್ಲವಂತೆ. ಕಟ್ಟಿದವರೇ ತೊಳೆಯಲಿ ಎಂದರಂತೆ.

ಕೂತುಕೋ ಎನ್ನಲು ಜಾಗವಿಲ್ಲ. ಹಾಸಿಗೆಯ ಮೇಲೆ ಅವ್ವನ ಪಕ್ಕ ಕೂತಳು. ಸಲಾಂ ಅಮ್ಮಾ ಎಂದಳು. ಅವ್ವ ತಲೆ ಅಲ್ಲಾಡಿಸಿದಳು. ಅರೀಬಾ ನನ್ನ ಕಡೆ ನೋಡದೆ, ಅಲ್ಲಿ ಒಂದು ಗೆರೆ ಇದೆ ನೋಡಿ ಅಕ್ಕಾ ಎಂದಳು.

ಕೆಸರಿನ ಗೆರೆ. ನೀರು ಎಲ್ಲಿಯವರೆಗೆ ಬಂದು ನಿಂತಿತ್ತೋ ಅಲ್ಲಿ ಹಡಗಿನ ಸುತ್ತ ಒಂದು ಎಳೆ ಒಣಗಿತ್ತು.

"ಅಮ್ಮಂಗೆ ತೋರ್ಸಿ," ಅಂದಳು ಅರೀಬಾ. "ಅದಕ್ಕೇ ತಂದಿದ್ದು." ವಿಡಿಯೊ ಅವ್ವನ ಕಣ್ಣಿಗೆ ಕಾಣಲಿಲ್ಲವೆಂದು ಮಾರನೇ ದಿನವೇ ಅವಳಿಗೆ ಹೇಳಿದ್ದೆ.

ಅವ್ವನ ತೊಡೆಯ ಮೇಲೆ ಇಟ್ಟೆ. ಹೆಬ್ಬೆರಳು ಆ ಗೆರೆಗೆ ಹತ್ತಿತು. ಮೂತಿಯಿಂದ ಶುರು ಮಾಡಿ, ಹೊಟ್ಟೆ ದಾಟಿ, ಹಿಂದಕ್ಕೆ. ತಿರುಗಿಸಿ ಆ ಕಡೆಯಿಂದ ಮುಂದಕ್ಕೆ. ಅಂಚಿನಿಂದ ಗೆರೆಗೆ ಬೆರಳಿನಿಂದ ಅಳೆದಳು, ಈ ಕಡೆ, ಆ ಕಡೆ. ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಹುಡುಕಿದಳು. ಒಲೆಯ ಮೇಲೆ ಚಹಾ ಉಕ್ಕಿತು, ಯಾರೂ ಏಳಲಿಲ್ಲ. ಎಷ್ಟೋ ವರ್ಷದ ಹಿಂದೆ ದಂಡೆಯ ಮೇಲೆ ಉಸಿರು ಬಿಗಿಹಿಡಿದು ನಿಂತ, ಡಾಂಬರು ಮೆತ್ತಿದ ಕೈಯ ಹುಡುಗಿ ನಾನು. ಇವತ್ತೂ ಅವಳೇ.

"ಸಮ ನಿಂತದ," ಅಂದಳು ಅವ್ವ. ಸ್ವಲ್ಪ ತಡೆದು, "ಯಾರ ದೋಣಿ ಇದು?"

ದೋಣಿ ಅಂದಳು.

ಅಂಜನಮೂರ್ತಿ ಸಾರ್‌ದು ಅಮ್ಮಾ ಎಂದಳು ಅರೀಬಾ, ಪಾಪ, ಅವಳಿಗೇನು ಗೊತ್ತು. ಅವ್ವ ಕೈ ಅಡ್ಡ ಆಡಿಸಿದಳು. "ತಗೊಂಡವ್ರ ಹೆಸರಲ್ಲವ್ವ. ಕಟ್ಟಿದವ್ರದು ಹೇಳು."

ಅರೀಬಾ ನನ್ನ ಹೆಸರು ಹೇಳಿದಳು.

ಹೋಗುವಾಗ ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತ, ಸೋಮವಾರ ಬನ್ನಿ, ಇನ್ನು ಮುಂದೆ ಹಾಕುವ ಮೊದಲು ನನಗೆ ಹೇಳಿ ಹಾಕಿ ಎಂದಳು. ಇನ್ನೂ ಪೂರ್ತಿ ನಗಲಿಲ್ಲ. ಅದು ನನಗೆ ಬರಬೇಕಾದ್ದೇ.

ಜೂನ್ 3, ಮಂಗಳವಾರ — ಹಲಸೂರು, ಮಧ್ಯಾಹ್ನ

ಹಗ್ಗ ಎಲ್ಲ ಹೊಸದು. ಚೀಲ ತೆಗೆದು, ಒಣಗಿಸಿ, ಹೊಸ ಜೋಳ ತುಂಬಿ ಇಟ್ಟೆ. ಹೇಳಿಯೇ ಇಟ್ಟೆ. ಅರೀಬಾ ಬಗ್ಗಿ ನೋಡಿದಳು. ಒಂದು ಚೀಲ ಅವಳ ಕೈಯಿಂದಲೂ ಇಳಿಯಿತು. ಕೆಸರಿನ ಗೆರೆ ಒರೆಸಲಿಲ್ಲ. ಮೇಷ್ಟ್ರು ಫೋನ್ ಮಾಡಿ ಅದಕ್ಕೆ ಮಾತ್ರ ಕೈ ಹಚ್ಚಬೇಡಿ ಎಂದಿದ್ದಾರೆ.

ಹೆಸರಿನ ಜಾಗ ಖಾಲಿ ಇತ್ತಲ್ಲ, ಹಡಗಿನ ಹಿಂಭಾಗದಲ್ಲಿ. ಮೇಷ್ಟ್ರಿಗೆ ಅವ್ವನ ಮಾತು ಹೇಳಿದೆವು. ಮತ್ತಿನ್ನೇನು, ಬರೆಯಿರಿ ಎಂದರು. ಕನ್ನಡದಲ್ಲಿ ಬರೆಯಿರಿ ಎಂದರು. ನೂರು ಹಡಗಿನಲ್ಲಿ ಒಂದಕ್ಕಾದರೂ ಇರಲಿ.

ಇಲಿಬಾಲದಂಥ ಕುಂಚ. ಹಳದಿ ಬಣ್ಣ. ಕಿಟಕಿಯಿಂದ ಗುಡಿಯ ಗಂಟೆ, ಯಾರದೋ ಕುಕ್ಕರಿನ ಸೀಟಿ. ಅಪ್ಪ, ನೋಡು ಬೇಕಾದರೆ. ಹತ್ತಿರ ಬಂದೇ ನೋಡು.

ನನ್ನ ಹೆಸರಿನ ಮೊದಲ ಅಕ್ಷರ ಬರೆದು ಒಣಗಲು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಶಾಂ. ಒಣಗಿತು ಅನ್ನಿಸುತ್ತದೆ, ಮುಟ್ಟಿ ನೋಡಿದೆ. ಇನ್ನು ಭ—